ಅರಸನಲ್ಲದ ಹೊತ್ತಿನ ಅರಸ

(ಹೊಸಪೇಟೆಯಿಂದ ಕಮಲಾಪುರಕ್ಕೆ ಹೋಗುವ ದಾರಿಯಲ್ಲಿ ಮಲಪನಗುಡಿ. ಮಲ್ಲಿಕಾರ್ಜುನ ಗುಡಿಯ ಕಟ್ಟೆ. ಆಕೆ ಒಂದು ಮೂಕಿಚಿತ್ರಕ್ಕೆ ಜಾಗ ನೋಡಲು ಬಂದವಳು. ಆತ ಈ ಊರಿನವನೇ, ಮೇಷ್ಟ್ರಾಗಿದ್ದವನು.)

ಆತ: ಈಗಿನ ಕಾಲದಾಗ ಮೂಕಿಚಿತ್ರ ಯಾಕ್ರಿ? ನಮ್ಮ ಹುಡುಗರು ಫೋನಿನಾಗ ಮಾತಾಡೋ ಸಿನಿಮಾ ತಗದು ಬಿಡ್ತಾರ.

ಆಕೆ: ನನ್ನ ಕಥೆಗೆ ಮಾತು ಬಂದರೆ ಗುಟ್ಟು ರಟ್ಟಾಗುತ್ತದೆ. ವೇಷ ಮರೆಸಿಕೊಂಡು ತಿರುಗುವ ಅರಸನ ಪ್ರೇಮಕಥೆ, ಅದೂ ನಗೆಯದು. ಅರಸ ಕಂಬಳಿ ಹೊದ್ದು ಬರಬಹುದು, ಮೈಗೆ ಬೂದಿ ಬಳಿದುಕೊಳ್ಳಬಹುದು. ಬಾಯಿ ತೆರೆದನೋ, ಎರಡೇ ಮಾತಿಗೆ ಸಿಕ್ಕಿಬೀಳುತ್ತಾನೆ. ಅಪ್ಪಣೆ ಕೊಟ್ಟು ರೂಢಿಯಾದ ದನಿಗೆ ಕೇಳಿಕೊಳ್ಳಲು ಬರುವುದಿಲ್ಲ. ಮೂಕಿಚಿತ್ರದಲ್ಲಿ ಆ ಭಯವಿಲ್ಲ. 1926ರಲ್ಲಿ ಎಂಜಿಎಂ ಕಂಪನಿ 'ಬೆವರ್ಲಿ ಆಫ್ ಗ್ರಾಸ್ಟಾರ್ಕ್' ಎಂಬ ಚಿತ್ರ ತೆಗೆಯಿತು, ಸಿಡ್ನಿ ಫ್ರಾಂಕ್ಲಿನ್ ನಿರ್ದೇಶನ. ಮೇರಿಯನ್ ಡೇವಿಸ್ ಅದರ ನಾಯಕಿ. ರಾಜಕುಮಾರನಾದ ಸೋದರಸಂಬಂಧಿ ಪೆಟ್ಟು ಮಾಡಿಕೊಂಡು ಮಲಗಿದಾಗ ಈ ಅಮೆರಿಕದ ಹುಡುಗಿ ಗಂಡುಡುಗೆ ತೊಟ್ಟು ಅವನ ಜಾಗದಲ್ಲಿ ನಿಲ್ಲುತ್ತಾಳೆ. ಮಾತಿನ ಚಿತ್ರವಾಗಿದ್ದರೆ ಮೊದಲ ವಾಕ್ಯಕ್ಕೇ ಆಸ್ಥಾನ ಎದ್ದು ನಿಲ್ಲುತ್ತಿತ್ತು. ಮೂಕಿಯಾದ್ದರಿಂದ ಸಮವಸ್ತ್ರ, ನಡಿಗೆ, ಕತ್ತರಿಸಿದಂತೆ ಕಾಣುವ ಕೂದಲು, ಇಷ್ಟರಲ್ಲೇ ಆಟ ನಡೆಯುತ್ತದೆ.

ಆತ: ಆಕಿಗೆ ಪ್ರೀತಿ ಯಾರ ಮ್ಯಾಲ ಹುಟ್ಟತೈತಿ?

ಆಕೆ: ಅಂಗರಕ್ಷಕನ ಮೇಲೆ. ಬೆಟ್ಟದಲ್ಲಿ ಮೇಕೆ ಕಾಯುವವನು ಎಂದುಕೊಂಡಿರುತ್ತಾಳೆ. ಕೊನೆಗೆ ನೋಡಿದರೆ ಅವನೂ ನೆರೆರಾಜ್ಯದ ರಾಜಕುಮಾರ. ಆ ಕೊನೆಯ ಭಾಗ ಬಣ್ಣದಲ್ಲಿದೆ. ಅದುವರೆಗೆ ಕಪ್ಪು-ಬಿಳುಪು.

ಆತ: ನೋಡ್ರಿ, ಇಲ್ಲೇ ನನಗ ಸಿಟ್ಟು ಬರೋದು. ಮೇಕಿ ಕಾಯೋನು ಮೇಕಿ ಕಾಯೋನಾಗೇ ಉಳದಿದ್ರ ಇವರ ಗಂಟೇನು ಹೋಗ್ತಿತ್ತು? ಬಡವನ್ನ ಪ್ರೀತಿ ಮಾಡಿದ ಪುಣ್ಯನೂ ಬೇಕು, ಅರಮನಿನೂ ಬೇಕು. ನೋಡೋರಿಗೆ ಖುಷಿ, ಅರಸರಿಗೂ ನಷ್ಟ ಇಲ್ಲ.

ಆಕೆ: ಒಪ್ಪಿದೆ. ನಮ್ಮ ದೇಶದ ಮೂಕಿಚಿತ್ರಗಳೂ ಇದನ್ನು ಬಿಟ್ಟಿಲ್ಲ. 1928ರ 'ಶಿರಾಜ್' ಇದೆಯಲ್ಲ, ಫ್ರಾಂಜ್ ಓಸ್ಟೆನ್ ನಿರ್ದೇಶಿಸಿದ್ದು, ಹಿಮಾಂಶು ರಾಯ್ ಮಾಡಿಸಿದ್ದು. ಕುಂಬಾರನ ಮನೆಯಲ್ಲಿ ಬೆಳೆದ ಸೆಲೀಮಾ ಗುಲಾಮಳಾಗಿ ಮಾರಾಟವಾಗಿ ರಾಜಕುಮಾರ ಖುರ್ರಮನ ಅರಮನೆ ಸೇರುತ್ತಾಳೆ. ಅವನಿಗೆ ಅವಳ ಮೇಲೆ ಪ್ರೀತಿ. ಆದರೆ ಮದುವೆಗೆ ದಾರಿ ತೆರೆಯುವುದು ಅವಳು ಹುಟ್ಟಿನಿಂದಲೇ ರಾಜವಂಶದವಳು ಎಂದು ಗೊತ್ತಾದಾಗ. ಅವಳೇ ಮುಮ್ತಾಜ್ ಆಗುತ್ತಾಳೆ. ಆ ಪಾತ್ರ ಮಾಡಿದವಳು ಏಣಾಕ್ಷಿ ರಾಮರಾವ್.

ಆತ: ಆ ಹೆಸರು ಕೇಳೇನಿ. 'ವಸಂತಸೇನಾ'ದಾಗ ಮಾಡಿದಾಕಿ ಅಲ್ಲೇನು?

ಆಕೆ: ಅವಳೇ. ಕನ್ನಡ ನಾಡಿನ ಮೂಕಿಚಿತ್ರ ಎಂದರೆ ಮೊದಲು ನೆನಪಾಗುವುದು ಅದು. 1931, ಮೋಹನ್ ಭವನಾನಿ ನಿರ್ದೇಶನ. ನಮ್ಮ ಟಿ.ಪಿ. ಕೈಲಾಸಂ ನಟಿಸಿದ್ದರು, ಕಮಲಾದೇವಿ ಚಟ್ಟೋಪಾಧ್ಯಾಯರೂ ನಟಿಸಿದ್ದರು. ಮರ್ಯಾದಸ್ಥರ ಮನೆಯ ಹೆಂಗಸರು ಕ್ಯಾಮೆರಾದ ಮುಂದೆ ನಿಲ್ಲಬಾರದು ಎನ್ನುತ್ತಿದ್ದ ಕಾಲ. ಏಣಾಕ್ಷಿ ಮುಂದೆ ಭವನಾನಿಯನ್ನೇ ಮದುವೆಯಾದಳು, ನೃತ್ಯದ ಮೇಲೆ ಪುಸ್ತಕ ಬರೆದಳು. 'ಶಿರಾಜ್' ಉಳಿದುಕೊಂಡಿದೆ. 2017ರಲ್ಲಿ ಅದನ್ನು ಲಂಡನ್ನಿನಲ್ಲಿ ಹೊಸದಾಗಿ ಸರಿಪಡಿಸಿ, ಅನೌಷ್ಕಾ ಶಂಕರ್ ಸಂಗೀತ ಕೂಡಿಸಿ ತೋರಿಸಿದರು. ನಮ್ಮ 'ವಸಂತಸೇನಾ'ಕ್ಕೆ ಆ ಯೋಗ ಬರಲಿಲ್ಲ. ಆ ಕಾಲದ ಎಷ್ಟೋ ರೀಲುಗಳಂತೆ ಅದೂ ಹೋಯಿತು.

ಆತ: ಕಥಿ ಏನು ಹೋಗಿಲ್ಲಲ್ಲ. ಅದರ ಮೂಲ, ಶೂದ್ರಕನ 'ಮೃಚ್ಛಕಟಿಕ' ನಾಟಕ, ನಾನು ಹುಡುಗರಿಗೆ ಹೇಳಿಕೊಟ್ಟೇನಿ. ಮುಂದ 1941ರಾಗ ಮಾತಿನ 'ವಸಂತಸೇನಾ'ನೂ ಬಂತು, ಆರ್. ನಾಗೇಂದ್ರರಾಯರ ಶಕಾರ. ಗಿರೀಶ ಕಾರ್ನಾಡರು 1984ರಾಗ 'ಉತ್ಸವ್' ಅಂತ ಹಿಂದಿಯೊಳಗ ತಗದ್ರು. ಆದ್ರ ಅದರಾಗ ವೇಷ ಮರಸಿದ ಅರಸ ಎಲ್ಲಿದ್ದಾನ?

ಆಕೆ: ಆರ್ಯಕ ಇದ್ದಾನಲ್ಲ. ಗ್ರಾಸ್ಟಾರ್ಕಿನ ಕಥೆಯನ್ನು ಶೂದ್ರಕ ತಿರುವಿ ಹಾಕಿದ್ದಾನೆ. ಅಲ್ಲಿ ಮೇಕೆ ಕಾಯುವವನು ಒಳಗೆ ಅರಸ. ಇಲ್ಲಿ ದನ ಕಾಯುವವನೇ ಮುಂದೆ ಅರಸನಾಗುತ್ತಾನೆ. ಸಿದ್ಧನೊಬ್ಬ ಹಾಗೆಂದು ನುಡಿದ ತಪ್ಪಿಗೆ ಪಾಲಕ ರಾಜ ಅವನನ್ನು ಸೆರೆಗೆ ಹಾಕುತ್ತಾನೆ. ಬೇಡಿ ಮುರಿದುಕೊಂಡು ಓಡಿಬಂದ ಆರ್ಯಕ ವಸಂತಸೇನೆಯ ಪ್ರಿಯ ಚಾರುದತ್ತನ ಗಾಡಿಗೆ ನುಗ್ಗಿ ಬಚ್ಚಿಟ್ಟುಕೊಳ್ಳುತ್ತಾನೆ. ಆ ಗಾಡಿ ಬಂದಿದ್ದು ವಸಂತಸೇನೆಗಾಗಿ. ಅವಳು ಗೊತ್ತಿಲ್ಲದೆ ತನ್ನ ಬೆನ್ನುಬಿದ್ದ ಶಕಾರನ ಗಾಡಿ ಹತ್ತಿ ಹೊರಟಿರುತ್ತಾಳೆ. ಆರ್ಯಕನ ಕಾಲಲ್ಲಿ ಇನ್ನೂ ಸರಪಳಿಯ ತುಂಡಿದೆ. ಅದು ಝಣ್ ಎಂದಾಗ ಗಾಡಿಯವನು ವಸಂತಸೇನೆಯ ಗೆಜ್ಜೆ ಎಂದುಕೊಂಡು ಎತ್ತು ಹೊಡೆಯುತ್ತಾನೆ.

ಆತ: ಹಂಗಾದ್ರ ನಿಮ್ಮ ವಾದ ಅಲ್ಲೇ ಬಿದ್ದುಹೋತು. ಇಲ್ಲಿ ವೇಷ ಇರೋದೇ ಸದ್ದಿನಾಗ. ಮೂಕಿಚಿತ್ರದಾಗ ಸರಪಳಿ ಸದ್ದು ಎಲ್ಲಿಂದ ತರ್ತೀರಿ?

ಆಕೆ: ಸದ್ದು ತರುವುದಿಲ್ಲ, ಕಿವಿ ತೋರಿಸುತ್ತೇನೆ. ಗಾಡಿಯವನ ತಲೆ ಒಂದಿಷ್ಟು ಹಿಂದಕ್ಕೆ ವಾಲುತ್ತದೆ, ಮುಖದ ಮೇಲೆ ನಗು. ಆಮೇಲೆ ಪರದೆಯೊಳಗಿನ ಕಾಲು, ಆ ಕಾಲಲ್ಲಿ ಕಬ್ಬಿಣ. ಅವನು ಕೇಳಿದ್ದು ಬೇರೆ, ನಾವು ಕಂಡಿದ್ದು ಬೇರೆ. ಸದ್ದಿದ್ದರೆ ಆ ನಗೆ ಅರ್ಧವಾಗುತ್ತಿತ್ತು.

ಆತ: ಕಾವಲುಗಾರರ ಜಗಳ? ಅದು ಪೂರಾ ಮಾತು. ಚಂದನಕ ಗಾಡಿಯೊಳಗ ಇಣುಕಿ ಆರ್ಯಕನ್ನ ನೋಡ್ತಾನ, ಕಾಪಾಡಬೇಕಂತ ಮನಸ್ಸು ಮಾಡ್ತಾನ. ಹೊರಗ ಬಂದು ಒಳಗಿರೋದು ಹೆಂಗಸು ಅನ್ನೋದಕ್ಕ ಹೋಗಿ ಮೊದಲು ಗಂಡಸಿನ ಮಾತು ಬಾಯಿಗೆ ಬಂದುಬಿಡತೈತಿ. ಜೊತೀಗಿದ್ದ ವೀರಕಗ ಸಂಶಯ ಹತ್ತತೈತಿ. ಚಂದನಕ ತೆಂಕಣ ಸೀಮಿಯವ. ನಾವು ಹತ್ತು ಭಾಷಿ ಮಾತಾಡೋ ಮಂದಿ, ನಾಲಿಗಿ ಹಿಂಗೇ ಹೊರಳತೈತಿ ಅಂತ ನೆಪ ಹೇಳ್ತಾನ. ಅದೂ ನಡೀಲಿಲ್ಲಂದ್ರ ಕರ್ಣಾಟ ಕಲಹ ಹೂಡ್ತೀನಿ ಅಂತ ತನ್ನಷ್ಟಕ್ಕ ತಾನೇ ಅಂದುಕೊಂಡು ಜಗಳ ತಗೀತಾನ. ನಮ್ಮೋರ ಜಗಳ ಉಜ್ಜಯಿನಿ ತನಕ ಹೆಸರು ಮಾಡಿತ್ತು ನೋಡ್ರಿ.

ಆಕೆ: ಆ ಜಗಳ ಮೂಕಿಗೆ ಹೇಳಿ ಮಾಡಿಸಿದ್ದು ಮೇಷ್ಟ್ರೇ. ಒಬ್ಬನ ಜಾತಿಯನ್ನು ಇನ್ನೊಬ್ಬ ಎತ್ತಿ ಆಡುವಾಗ ಹೆಸರಿಟ್ಟು ಹೇಳುವುದಿಲ್ಲ, ಕೈಸನ್ನೆಯಲ್ಲಿ ಕುಲಕಸುಬನ್ನು ಆಡಿ ತೋರಿಸುತ್ತಾರೆ. ಕ್ಷೌರದ ಕತ್ತಿ ಮಸೆಯುವ ಸನ್ನೆ ಒಂದು ಸಾಕು. ಶೂದ್ರಕ ಅಲ್ಲಿ ಬರೆದಿರುವುದು ಮೂಕಿಚಿತ್ರದ ಚಿತ್ರಕಥೆಯನ್ನೇ.

ಆತ: ಅದು ನಗಿನೂ ಹೌದು, ವಿಷಾನೂ ಹೌದು. ಮುಂದಿನ ಅರಸ ಗಾಡಿಯೊಳಗ ಮುದುರಿಕೊಂಡು ಕೂತಾನ. ಹೊರಗ ಇಬ್ಬರು ಸಣ್ಣ ನೌಕರರು ಒಬ್ಬರ ಜಾತಿ ಒಬ್ಬರು ಬಿಚ್ಚಿಕೊಂತ ನಿಂತಾರ. ಅರಸನ ಗುಟ್ಟು ಉಳೀತು, ಆಳುಗಳ ಗುಟ್ಟು ಬೀದೀಗೆ ಬಿತ್ತು. ಇರಲಿ, ಉಜ್ಜಯಿನಿ ಕಥಿ ತಗಿಯೋದಕ್ಕ ಮಲಪನಗುಡಿಗೆ ಯಾಕ ಬಂದ್ರಿ?

ಆಕೆ: ಉಜ್ಜಯಿನಿಯದ್ದಲ್ಲ, ಈ ದಾರಿಯದ್ದೇ ಕಥೆ. ಪೋರ್ಚುಗೀಸ್ ಪ್ರವಾಸಿ ಪೇಸ್ 1520ರ ಸುಮಾರಿಗೆ ಇಲ್ಲಿಗೆ ಬಂದ. ಹೊಸ ಪಟ್ಟಣದಿಂದ ಬಿಸ್ನಗದವರೆಗೆ, ಅಂದರೆ ವಿಜಯನಗರದವರೆಗೆ, ಒಂದು ಹರದಾರಿಯಷ್ಟು ದಾರಿ, ಎರಡೂ ಬದಿ ಮನೆ ಅಂಗಡಿಗಳ ಸಾಲು, ನಡುವೆ ಅರಸನೂ ಸರದಾರರೂ ಕಟ್ಟಿಸಿದ ಗುಡಿಗಳು ಎಂದು ಬರೆದಿದ್ದಾನೆ. ಆ ಹೊಸ ಪಟ್ಟಣವೇ ಇವತ್ತಿನ ಹೊಸಪೇಟೆ. ಅಲ್ಲಿಂದ ರಾಜಧಾನಿಗೆ ಹೋಗುವ ದಾರಿ ಇದೇ ಕಡೆ ಹಾಯುತ್ತದೆ.

ಆತ: ಚಿನ್ನಾದೇವಿ ಕಥಿ ಅನ್ರಿ ಹಂಗಾದ್ರ.

ಆಕೆ: ಹೌದು. ಪೇಸನ ಮೇಲೆ ಹತ್ತು ಹದಿನೈದು ವರ್ಷಕ್ಕೆ ಬಂದ ನೂನಿಜ್ ಅದನ್ನು ಬಿಡಿಸಿ ಹೇಳುತ್ತಾನೆ. ಕೃಷ್ಣದೇವರಾಯ ಪಟ್ಟವೇರಿದ್ದು 1509ರಲ್ಲಿ. ಅದಕ್ಕೂ ಮೊದಲೇ ಚಿನ್ನಾದೇವಿ ಎಂಬ ವೇಶ್ಯೆಯ ಮೇಲೆ ಅವನಿಗೆ ಮನಸ್ಸು. ನಾನು ಅರಸನಾದರೆ ನಿನ್ನನ್ನೇ ಮದುವೆಯಾಗುತ್ತೇನೆ ಎಂದು ಅವಳಿಗೆ ಮಾತು ಕೊಡುತ್ತಿದ್ದ. ಹೇಳಿದ್ದು ತಮಾಷೆಗೆ. ಅರಸನಾಗಿಯೇಬಿಟ್ಟ. ಆಮೇಲೂ ಬಿಡದೆ ರಾತ್ರಿ ಅರಮನೆಯಿಂದ ಗುಟ್ಟಾಗಿ ಹೊರಟು ಅವಳ ಮನೆಗೆ ಹೋಗುತ್ತಿದ್ದ. ಒಂದು ರಾತ್ರಿ ಮಂತ್ರಿ ಸಾಳುವ ತಿಮ್ಮರಸು ಹೊಂಚಿ ನೋಡಿ, ಅವಳ ಮನೆ ಹೊಕ್ಕ ಅರಸನನ್ನು ಬೈದು ಅರಮನೆಗೆ ಕರೆದುಕೊಂಡು ಬಂದ.

ಆತ: ವೇಷ ಹಾಕಿದ್ದ ಅಂತ ನೂನಿಜ್ ಬರದಾನೇನು?

ಆಕೆ: ಇಲ್ಲ. ಗುಟ್ಟಾಗಿ ಹೋಗುತ್ತಿದ್ದ ಎಂದಷ್ಟೇ. ಉಡುಪು ನಾನು ಹೊಲಿಸಬೇಕು.

ಆತ: ಹೊಲಸ್ರಿ. ಆದ್ರ ಇನ್ನೊಂದು ಕಥಿನೂ ನಿಮ್ಮ ಚೀಲದಾಗ ಇರಲಿ. ನಾವು ಕೂತಿರೋ ಈ ಗುಡಿಯ ಶಾಸನ 1412ರದು. ಮೊದಲನೇ ದೇವರಾಯನ ಕಾಲ. ಆ ದೇವರಾಯನ ಮ್ಯಾಲ ಇತಿಹಾಸಕಾರ ಫೆರಿಷ್ತಾ ಒಂದು ಕಥಿ ಹೇಳ್ತಾನ. ಮುದಗಲ್ಲಿನ ಕಡೆ ಒಬ್ಬ ಅಕ್ಕಸಾಲಿಗನ ಮಗಳು, ಭಾಳ ಚೆಲುವಿ. ರಾಯ ಬ್ರಾಹ್ಮಣನ ಕೈಲಿ ಒಡವಿ ಕೊಟ್ಟು ಕಳಸ್ತಾನ. ತಂದಿ-ತಾಯಿ ಹಿಗ್ಗಿ ಹೀರೇಕಾಯಿ ಆಗ್ತಾರ. ಹುಡುಗಿ ಒಡವಿ ಮುಟ್ಟಂಗಿಲ್ಲ. ಅಲ್ಲಿ ಹೋದ್ರ ಮತ್ತ ನಿಮ್ಮ ಮುಖ ನೋಡೋದಕ್ಕ ಸಿಗಂಗಿಲ್ಲ, ನಾ ಹೋಗಂಗಿಲ್ಲ ಅಂತಾಳ. ರಾಯ ದಂಡು ಕಳಸಿದ, ಆಕಿ ಮನಿಯವರು ಆಗಲೇ ಊರು ಬಿಟ್ಟಿದ್ರು. ಆ ನೆಪದಾಗ ಬಹಮನಿ ಫಿರೋಜ್ ಷಹನ ಕೂಡ ಯುದ್ಧ ಆತು. ಫೆರಿಷ್ತಾ ಬರದಿದ್ದು ಎರಡು ನೂರು ವರ್ಷದ ಮ್ಯಾಲ, ಬಹಮನಿ ಕಡೀಲಿಂದ. ಎಷ್ಟು ನಿಜ, ಎಷ್ಟು ಬಣ್ಣ ಅಂತ ನೀವೇ ತೂಗ್ರಿ.

ಆಕೆ: ತೂಗುವುದು ಆಮೇಲೆ. ಈ ಎರಡು ಕಥೆ ಅಕ್ಕಪಕ್ಕ ಇಟ್ಟರೆ ನನಗೆ ಬೇಕಾದ್ದು ಸಿಕ್ಕಿತು. ದೇವರಾಯ ಅರಸನಾಗಿಯೇ ಬಂದ, ಒಡವೆ ಮುಂದೆ, ದಂಡು ಹಿಂದೆ. ಆ ಹುಡುಗಿ ಒಲ್ಲೆ ಎನ್ನಬೇಕಾದರೆ ಊರನ್ನೇ ಬಿಟ್ಟು ಓಡಬೇಕಾಯಿತು. ಕೃಷ್ಣರಾಯ ಇನ್ನೂ ಅರಸನಾಗಿರದ ಹೊತ್ತಿನಲ್ಲಿ ಬಂದ. ಅವಳು ಬಾಗಿಲು ಹಾಕಿಕೊಂಡಿದ್ದರೆ ಯುದ್ಧವೇನೂ ಆಗುತ್ತಿರಲಿಲ್ಲ. ಅದಕ್ಕೇ ಅವಳಿಗೆ ಮಾತು ಕೇಳಿ ಪಡೆಯಲು ಆಯಿತು, ಅರಸನಾದರೆ ಏನು ಮಾಡುತ್ತೀ ಎಂದು. ವೇಷದ ಕಥೆಗಳು ಅರಸನ ಕುತೂಹಲಕ್ಕಾಗಿ ಹುಟ್ಟಿದವು ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ಹೆಣ್ಣಿಗೆ ಒಲ್ಲೆ ಎನ್ನುವ ಅವಕಾಶ ಬೇಕು. ಕಿರೀಟ ಎದುರಿಗಿದ್ದರೆ ಅದು ಇರುವುದಿಲ್ಲ. ಒಲ್ಲೆ ಎನ್ನಲಾಗದವಳು ಹೂಂ ಎಂದರೂ ಅದು ಪ್ರೇಮವಲ್ಲ. ಕಥೆಗಾರ ಅರಸನ ಕಿರೀಟ ತೆಗೆಸುವುದು ಅದಕ್ಕೆ.

ಆತ: ಶಕಾರ ಇದಕ್ಕ ಉಲ್ಟಾ ಆದ ಹಂಗಾದ್ರ.

ಆಕೆ: ಪೂರ್ತಿ ಉಲ್ಟಾ. ಅರಸನಲ್ಲದಿದ್ದರೂ ಅರಸನ ಭಾವಮೈದುನ ಎಂದು ಬೀದಿಯುದ್ದಕ್ಕೂ ಸಾರಿಕೊಂಡು ಬರುತ್ತಾನೆ. ವಸಂತಸೇನೆ ಒಲ್ಲೆ ಎನ್ನುತ್ತಾಳೆ, ಅವನು ಕತ್ತು ಹಿಸುಕುತ್ತಾನೆ.

ಆತ: ನಿಮ್ಮ ಮಾತು ಚಲೋ ಐತಿ, ಆದ್ರ ಎಲ್ಲಾ ಕಡಿ ಒಪ್ಪಂಗಿಲ್ಲ. 'ಮಲ್ಲೀಶ್ವರಿ' ನೋಡೀರೇನು? 1951, ಬಿ.ಎನ್. ರೆಡ್ಡಿ ತಗದಿದ್ದು, ಭಾನುಮತಿ, ಎನ್.ಟಿ. ರಾಮರಾವ್. ನಮ್ಮ ಸೀಮಿಯಾಗ ತೆಲುಗು ಸಿನಿಮಾ ಅಂದ್ರ ಹೊರಗಿಂದಲ್ಲ. ಅದರಾಗೂ ಕೃಷ್ಣದೇವರಾಯ ವೇಷ ಮರಸಿಕೊಂಡು ಅಲ್ಲಸಾನಿ ಪೆದ್ದನನ ಕೂಡ ತಿರಗ್ತಾನ. ಮಳಿ ಬಂದು ಒಂದು ಛತ್ರದಾಗ ನಿಂತಾಗ ಮಲ್ಲಿ ಹಾಡು ಕೇಳ್ತಾನ. ಅವರು ಯಾರಂತ ಗೊತ್ತಿಲ್ಲದ ಮಲ್ಲಿಯ ಪ್ರಿಯ ನಾಗರಾಜ ತಮಾಷಿಗೆ ಅಂತಾನ, ರಾಯರಿಗೆ ಹೇಳಿ ನಮ್ಮ ಮಲ್ಲಿಗೆ ಪಲ್ಲಕ್ಕಿ ಕಳಸ್ರಿ ಅಂತ. ಸ್ವಲ್ಪ ದಿನಕ್ಕ ಪಲ್ಲಕ್ಕಿ ಬಂದೇ ಬಿಡತೈತಿ. ಆಮ್ಯಾಲ ಆಕಿ ಪ್ರೀತಿ ಏನಾತು? ಅಂತಃಪುರದ ಗೋಡಿ ಹಿಂದ ಹೋತು. ವೇಷದಾಗಿದ್ದ ಅರಸ ಆಕಿಗೆ ಅವಕಾಶ ಕೊಡಲಿಲ್ಲ, ಇದ್ದ ಅವಕಾಶನೂ ಕಸಗೊಂಡ.

ಆಕೆ: ಎರಡೂ ಕಡೆ ತಮಾಷೆಯ ಮಾತೇ, ಅಲ್ಲವೇ? ಅರಸನಾಗಬೇಕಾದವನು ಆಡಿದ ತಮಾಷೆಯನ್ನು ಅವನೇ ನಡೆಸಿಕೊಟ್ಟ. ಪ್ರಜೆ ಆಡಿದ ತಮಾಷೆಯನ್ನು ಅರಸ ನಿಜ ಮಾಡಿದ, ಪ್ರಜೆ ಪೇಚಿಗೆ ಸಿಕ್ಕಿದ.

ಆತ: ಅದಕ್ಕೇ ಅಂದೆ. ವೇಷ ತಗದ ಮ್ಯಾಲ ಏನಾಗತೈತಿ ಅನ್ನೋದು ಮುಖ್ಯ. ನಿಮ್ಮ ಸಿನಿಮಾ ತಿಮ್ಮರಸು ಹಿಂದಿಂದ ಬಂದು ಕೈ ಹಿಡದಲ್ಲಿಗೆ ಮುಗೀತದೋ, ಮುಂದಕ್ಕೂ ಹೋಗತದೋ?

ಆಕೆ: ಮುಂದೆ ಹೋದರೆ ಅದು ತಿಮ್ಮರಸುವಿನ ಸಿನಿಮಾ ಆಗುತ್ತದೆ. ಅರಸ ಮಾತು ಕೊಟ್ಟಿದ್ದೇನೆ, ಮದುವೆಯಾಗಿಯೇ ಆಗುತ್ತೇನೆ ಎಂದು ಹಟ ಹಿಡಿಯುತ್ತಾನೆ. ನಿಮಗೆ ಕೆಟ್ಟ ಹೆಸರು ಬರದಂತೆ ನಾನು ನಡೆಸಿಕೊಡುತ್ತೇನೆ ಎನ್ನುತ್ತಾನೆ ಮಂತ್ರಿ. ರಾಜವಂಶದ ಒಬ್ಬ ಸುಂದರಿಯನ್ನು ಹುಡುಕಿ ತಂದು ಅರಸನಿಗೆ ಮದುವೆ ಮಾಡಿಸುತ್ತಾನೆ. ಮದುವೆಯ ಸಂಭ್ರಮ ಮುಗಿದ ಮೇಲೆ ಅವಳನ್ನೂ ಚಿನ್ನಾದೇವಿಯನ್ನೂ ಒಂದೇ ಮನೆಯಲ್ಲಿ ಇರಿಸುತ್ತಾನೆ, ಎತ್ತರದ ಗೋಪುರ ಕಟ್ಟಿಸಿದ ಮನೆ.

ಆತ: ಅಂದ್ರ ಮದುವಿನೇ ವೇಷ.

ಆಕೆ: ಅಲ್ಲಿಗೆ ಬಂದಿರಿ! ರಾತ್ರಿ ಹೊದ್ದುಕೊಂಡು ಹೋದ ಕಂಬಳಿಗಿಂತ ದೊಡ್ಡ ವೇಷ ಹಗಲಲ್ಲಿ ನಡೆದ ಆ ಮದುವೆ. ಊರೆಲ್ಲ ನೋಡಿತು, ಯಾರಿಗೂ ಕಾಣಲಿಲ್ಲ. 'ಶಿರಾಜ್'ನಲ್ಲಿ ಕುಂಬಾರರ ಮನೆಯ ಹುಡುಗಿಗೆ ರಾಜರಕ್ತವನ್ನು ಹುಡುಕಿ ಕೊಡುತ್ತಾರೆ. ತಿಮ್ಮರಸು ಚಿನ್ನಾದೇವಿಗೆ ಹಾಗೆ ರಾಜರಕ್ತ ಹುಡುಕಲು ಹೋಗಲಿಲ್ಲ. ರಾಜರಕ್ತವಿದ್ದ ಇನ್ನೊಬ್ಬಳನ್ನು ತಂದು ಮುಂದೆ ನಿಲ್ಲಿಸಿದ.

ಆತ: ಪೇಸ್ ಏನಂತಾನ ಈ ವಿಷಯದಾಗ?

ಆಕೆ: ಅವನು ಗುಟ್ಟನ್ನೇ ಇಟ್ಟಿಲ್ಲ. ಅರಸನ ಮುಖ್ಯ ಹೆಂಡತಿಯರು ಮೂವರು, ಒಬ್ಬಳು ಒರಿಸ್ಸಾದ ಅರಸನ ಮಗಳು, ಒಬ್ಬಳು ಶ್ರೀರಂಗಪಟ್ಟಣದ ಅರಸನ ಮಗಳು, ಮೂರನೆಯವಳು ಅವನು ಅರಸನಾಗುವ ಮೊದಲು ಪ್ರೀತಿಸಿದ ವೇಶ್ಯೆ ಎಂದು ನೇರವಾಗಿ ಬರೆಯುತ್ತಾನೆ. ಇವಳ ಮೇಲಿನ ಪ್ರೀತಿಗೆ ಈ ಹೊಸ ಪಟ್ಟಣ ಕಟ್ಟಿಸಿದ, ಅದರ ಹೆಸರು ಎಂದು ಬರೆದು ಮುಂದೆ ಖಾಲಿ ಬಿಟ್ಟಿದ್ದಾನೆ. ಹಸ್ತಪ್ರತಿಯಲ್ಲಿ ಆ ಜಾಗದಲ್ಲಿ ಏನೂ ಇಲ್ಲ. 1900ರಲ್ಲಿ ಇಂಗ್ಲಿಷಿಗೆ ತಂದ ಸೀವೆಲ್ ಅದನ್ನು ಹಾಗೆಯೇ ಬಿಟ್ಟಿದ್ದಾನೆ. ನಾಗಲಾಪುರ ಎಂಬ ಹೆಸರು ಬೇರೆ ಕಡೆ ಸಿಗುತ್ತದೆ, ನಾಗಲಾದೇವಿಯ ಹೆಸರಿನ ಊರು ಎನ್ನುತ್ತಾರೆ. ಚಿನ್ನಾದೇವಿ, ನಾಗಲಾದೇವಿ ಇಬ್ಬರೋ ಒಬ್ಬಳೋ ಎಂದು ಪಂಡಿತರ ಜಗಳ ಇನ್ನೂ ಮುಗಿದಿಲ್ಲ.

ಆತ: ನಿಮ್ಮ ಮೂಕಿಗೆ ಇದಕ್ಕಿಂತ ಚಲೋ ಅಕ್ಷರಫಲಕ ಎಲ್ಲಿ ಸಿಗತೈತಿ? ಈ ಊರ ಹೊಲದ ಕಡೆ ಕಮಾನಿನ ಹಳೇ ಬಾವಿ ಐತಿ, ಸೂಳೆಬಾವಿ ಅಂತಾರ. ಅದಕ್ಕೂ ಹಂಗೇ. ಕಟ್ಟಿಸಿದಾಕಿ ಕಸುಬು ಉಳೀತು, ಆಕಿ ಹೆಸರು ಹೋತು. ಅದನ್ನ ಚಿನ್ನಾದೇವಿಗೆ ಗಂಟು ಹಾಕಬ್ಯಾಡ್ರಿ ಮತ್ತ, ಗೈಡ್ ಹುಡುಗರು ಶುರು ಹಚ್ಚಿಕೊಂತಾರ.

ಆಕೆ: ಹಾಕುವುದಿಲ್ಲ. ಆದರೆ ಒಂದು ಮಾತು ಹೇಳಿ. ಅವಳು ನೀರಿಗೆಂದು ಕಟ್ಟಿಸಿದ ಬಾವಿಯನ್ನು ಊರು ಇಷ್ಟು ಶತಮಾನ ನೆನಪಿಟ್ಟುಕೊಂಡಿದೆ. ಗೋಪುರದ ಮನೆಯ ಇನ್ನೊಬ್ಬಳ ನೆನಪಿಗೆ ಏನಿದೆ?

ಆತ: ಯಾರ್ದು?

ಆಕೆ: ತಿಮ್ಮರಸು ಹುಡುಕಿ ತಂದ ಹುಡುಗಿಯದು.

ಆತ: ಹೌದಲ್ಲ. ನಾವು ಇಷ್ಟೊತ್ತು ಮಾತಾಡಿದ್ವಿ, ಆಕಿನ್ನ ಮಂತ್ರಿ ಕಣ್ಣಿಲಿಂದನೇ ನೋಡಿದ್ವಿ. ನಿಮ್ಮ ತಕ್ಕಡಿಯೊಳಗ ಆಕಿನ್ನ ಇಡ್ರಿ. ಚಿನ್ನಾದೇವಿಗೆ ಒಲ್ಲೆ ಅನ್ನೋ ಅವಕಾಶ ಇತ್ತು, ಆಕಿ ಒಪ್ಪಿದ್ಲು. ಮುದಗಲ್ಲಿನಾಕಿಗೆ ಓಡಿಹೋಗೋ ಅವಕಾಶನಾದ್ರೂ ಇತ್ತು. ರಾಜವಂಶದ ಈ ಹುಡುಗಿನ್ನ ಯಾರಾದ್ರೂ ಕೇಳಿದ್ರೇನು?

ಆಕೆ: ಅವಳಿಗೆ ಯಾರೂ ವೇಷ ಹಾಕಿಕೊಂಡು ಬರಲಿಲ್ಲ. ಹುಟ್ಟೇ ಅವಳ ಕೈ ಕಟ್ಟಿತು. ಈ ಕಥೆಯಲ್ಲಿ ಆಯ್ಕೆ ಇದ್ದದ್ದು ವೇಶ್ಯೆಗೆ, ಇಲ್ಲದ್ದು ರಾಜಪುತ್ರಿಗೆ. ಕಥೆಗಾರರು ಮಾತ್ರ ಯಾವಾಗಲೂ ಮೊದಲನೆಯವಳ ಮೇಲೆ ಮರುಕ ಪಡುತ್ತಾರೆ.

ಆತ: ಹಂಗಾದ್ರ ಆಕಿ ಗೋಪುರದ ಮನಿಯೊಳಗ ಏನು ಮಾಡ್ತಿದ್ಲು? ಚಿನ್ನಾದೇವಿ ಕೂಡ ಮಾತಾಡ್ತಿದ್ಲೇನು? ಇಬ್ಬರೂ ಕೂಡಿ ಅರಸನ್ನ ನೋಡಿ ನಗ್ತಿದ್ರೇನು?

ಆಕೆ: ನೂನಿಜ್ ಆ ಬಾಗಿಲಿನಾಚೆಗೆ ಹೋಗಿಲ್ಲ. ನನ್ನ ಕ್ಯಾಮೆರಾ ಹೋಗಬಹುದು.

ಆತ: ಹೋದ್ರ ನಿಮ್ಮ ನಗಿ ಸಿನಿಮಾ ಕೆಡತೈತಿ. ಪ್ರೇಮದ ನಗಿಚಿತ್ರ ಅಂದ್ರ ಜೋಡಿ ಕೂಡಿದ ಕೂಡ್ಲೇ ಮುಗೀಬೇಕು.

ಆಕೆ: ಅಮೆರಿಕದವರು ಅಲ್ಲಿಗೆ ಬಣ್ಣ ಹಚ್ಚಿ ಮುಗಿಸಿದರು. ಶೂದ್ರಕ ಅಲ್ಲಿಗೆ ಮುಗಿಸಲಿಲ್ಲ. ಅವನ ಹತ್ತನೆಯ ಅಂಕದಲ್ಲಿ ಆರ್ಯಕ ಅರಸನಾಗಿದ್ದಾನೆ, ವಸಂತಸೇನೆಗೆ ಕುಲವಧುವಿನ ಪದವಿ ಬರುತ್ತದೆ. ಆ ರಂಗದ ಮೇಲೆ ಚಾರುದತ್ತನ ಹೆಂಡತಿ ಧೂತೆಯೂ ಇರುತ್ತಾಳೆ. ನೋಡುವವರು ಇಬ್ಬರನ್ನೂ ಒಟ್ಟಿಗೆ ನೋಡಲೇಬೇಕು. ಶೂದ್ರಕನಿಗೆ ಆದದ್ದು ನನಗೆ ಯಾಕೆ ಆಗಬಾರದು?

ಆತ: ಧೂತೆ ಅಲ್ಲಿ ಬಂದು ಒಪ್ಪಿಕೊಂಡುಬಿಡ್ತಾಳ. ಆಕಿನ್ನೂ ಯಾರೂ ಕೇಳಲಿಲ್ಲ. ಅದನ್ನ ನೀವೂ ಮಾಡಿದ್ರ ನಾ ಜಗಳ ತಗೀತೀನಿ, ಕರ್ಣಾಟದ್ದೇ.

ಆಕೆ: ಹಾಗಾದರೆ ಒಂದು ದೃಶ್ಯ ಈಗಲೇ ಗೊತ್ತು ಮಾಡೋಣ. ಮದುವೆಯ ಹಿಂದಿನ ದಿನ ತಿಮ್ಮರಸು ಆ ಹುಡುಗಿಯ ಮುಂದೆ ಕೂತು ಇದ್ದದ್ದನ್ನು ಇದ್ದಂತೆ ಹೇಳಬೇಕು. ಅರಸನಿಗೆ ಬೇರೆಯವಳ ಮೇಲೆ ಮನಸ್ಸು, ನಿನ್ನನ್ನು ಮುಂದಿಟ್ಟುಕೊಂಡು ಅವಳನ್ನು ಒಳಗೆ ತರುತ್ತೇವೆ, ನೀನು ಒಲ್ಲೆ ಎನ್ನಬಹುದು ಎಂದು. ಇತಿಹಾಸದಲ್ಲಿ ಅದು ನಡೆದಿಲ್ಲ, ಸಿನಿಮಾದಲ್ಲಿ ನಡೆಯಲಿ.

ಆತ: ಮೂಕಿಚಿತ್ರದಾಗ ಮಂತ್ರಿ ಇಷ್ಟೆಲ್ಲಾ ಹೆಂಗ ಹೇಳ್ತಾನ?

ಆಕೆ: ಅವನು ಹೇಳಿದ್ದನ್ನು ನಾನು ತೋರಿಸುವುದಿಲ್ಲ. ಕೇಳುತ್ತಿರುವ ಅವಳ ಮುಖವನ್ನು ತೋರಿಸುತ್ತೇನೆ. ಉತ್ತರ ಅವಳೇ ಕೊಡಲಿ, ಮಂತ್ರಿಗೂ ನಿರ್ದೇಶಕಿಗೂ ಮೊದಲೇ ಗೊತ್ತಿರಬಾರದು.

ಆತ: ಒಲ್ಲೆ ಅಂದ್ರ?

ಆಕೆ: ಅಂದರೆ ತಿಮ್ಮರಸು ಬೇರೆ ಉಪಾಯ ಹುಡುಕಲಿ. ಅವನ ಫಜೀತಿಯಿಂದ ಉಳಿದ ಅರ್ಧ ಸಿನಿಮಾ ನಗೆಯಾಗಿಯೇ ಸಾಗುತ್ತದೆ, ಈ ಸಲ ನಗುವುದು ಅರಸನ ಖರ್ಚಿನಲ್ಲಿ.